ಸದ್ದಿಲ್ಲದ ಕಚೇರಿಗಳು

ಸತ್ತವಳ ನಾದಿನಿ ಕಪಾಟಿನ ಮೇಲಿನ ಸಾಲನ್ನು ಎರಡೂ ಕೈಯಿಂದ ಬಾಚಿ ಗೋಣಿಚೀಲಕ್ಕೆ ಸುರಿದಳು. ಡಿಸ್ಕುಗಳ ಪ್ಲಾಸ್ಟಿಕ್ ಡಬ್ಬಿಗಳು ಒಂದರ ಮೇಲೊಂದು ಬಿದ್ದು ಚಟಚಟನೆ ಒಡೆದವು. ಹೆಣ ಮಲಗಿಸಿದ್ದ ನಡುಮನೆಯಲ್ಲಿ ಬಂದವರಿಗೆ ಕೂರಲು ಜಾಗವಿರಲಿಲ್ಲ. ಕಪಾಟು ಹೊರಗೆ ಹೋದರೆ ನಾಲ್ಕು ಕುರ್ಚಿ ಹಿಡಿಯುತ್ತಿದ್ದವು.

“ಎಲ್ಲಾ ಸಂಗೀತ ಕಚೇರೀದೇ. ಇಷ್ಟೊಂದು ಹಾಡು ಯಾರಾದ್ರೂ ಕೇಳ್ತಾರಾ ಅಣ್ಣಾ?”

“ಕೇಳ್ತಿದ್ದಳು ಅಂತ ಯಾರಂದ್ರು? ಬರೀ ನೋಡ್ತಿದ್ದಳು,” ಅಂದ ಗಂಡ. “ಬೇಕರೀಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗ್ತಿದ್ನಲ್ಲ, ಆಗ ಒಂದ್ಸಲ ಸೌಂಡ್ ಕೊಟ್ಟಳು. ಎದ್ದು ಬಂದು ಕಿವಿ ಹಿಂಡಿದೆ. ಅಷ್ಟೇ. ರಿಟೈರಾದ್ಮೇಲೆ ಕೊಡೇ ಅಂದ್ರೂ ಕೊಡಲಿಲ್ಲ. ಮೊಂಡು. ಸಾಯೋವಾಗ್ಲೂ ಅದೇ ಮೊಂಡುತನ. ಲಾರಿಯವನು ರಿವರ್ಸ್ ತಗೊಳ್ತಾ ಅಷ್ಟು ಹಾರ್ನ್ ಹೊಡೆದ್ರೂ ಜರುಗಲಿಲ್ವಂತೆ.”

ಮಗಳು ಬಾಗಿಲ ಬಳಿಯೇ ನಿಂತಿದ್ದಳು. ಮೂರು ವರ್ಷದ ಮೇಲೆ ಈ ಮನೆಗೆ ಕಾಲಿಟ್ಟಿದ್ದಳು. ಅಮ್ಮನ ಮುಖವನ್ನು ಇನ್ನೂ ನೋಡಿರಲಿಲ್ಲ.

*

ಮೂರು ವರ್ಷದ ಹಿಂದೆ ಹೆರಿಗೆ ವಾರ್ಡಿನ ಕೊನೆಯ ಮಂಚದಿಂದ ಅವಳು ಅಮ್ಮನಿಗೆ ಫೋನ್ ಮಾಡಿದ್ದಳು. ಪಕ್ಕದ ಮಂಚದಲ್ಲಿ ಯಾರದೋ ಮಗು ಅಳುತ್ತಿತ್ತು.

“ಅಮ್ಮಾ, ಮಗು ಉಳೀಲಿಲ್ಲ.”

“ಹೂಂ.”

“ಏಳು ತಿಂಗಳು. ಹೆಣ್ಣು. ನಂಗೆ ಮುಖಾನೂ ತೋರಿಸ್ಲಿಲ್ಲಮ್ಮ.”

“ಹೂಂ, ಹೂಂ.”

“ಏನಾದ್ರೂ ಮಾತಾಡಮ್ಮ.”

“ಒಳ್ಳೇದಾಯ್ತು ಬಿಡು,” ಅಂದಳು ಅಮ್ಮ, ನಗುವ ದನಿಯಲ್ಲಿ. “ಊಟ ಆಯ್ತಾ?”

ಮಗಳು ಫೋನಿಟ್ಟಳು. ಆಮೇಲೆ ಅಮ್ಮನ ಹೆಸರು ಎಷ್ಟು ಸಲ ಮಿನುಗಿದರೂ ಎತ್ತಲಿಲ್ಲ.

*

ಗೆಳತಿ ಬಂದಾಗ ಕಪಾಟು ಹೊರಗೆ ಹೋಗಿಯಾಗಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಸತ್ತವಳ ಎದುರು ನಿಂತು ಇಪ್ಪತ್ತು ವರ್ಷ ಹಾಸಿಗೆಬಟ್ಟೆ ಮಡಿಸಿದವಳು ಅವಳು. ಕುರ್ಚಿಯಲ್ಲಿದ್ದವರು ಹಾರ್ನಿನ ಮಾತನ್ನೇ ಮತ್ತೆ ತೆಗೆದಿದ್ದರು.

“ಹಾರ್ನ್ ಹೇಗೆ ಕೇಳಿಸುತ್ತೆ?” ಅಂದಳು ಗೆಳತಿ. “ಅಕ್ಕನಿಗೆ ಕಿವಿ ಹೋಗಿ ಆರು ವರ್ಷ ಆಯ್ತಲ್ಲ. ಆ ಮಷಿನ್ ಗದ್ದಲದಲ್ಲಿ ಯಾರ ಕಿವಿ ಉಳಿಯುತ್ತೆ?”

“ಯಾವ ಕಿವಿ?” ಗಂಡ ಕೇಳಿದ.

“ಎರಡೂ. ನಿಮಗೆ ಗೊತ್ತಿರ್ಲಿಲ್ವಾ?”

“ತಲೆ ಆಡಿಸ್ತಿದ್ದಳಲ್ಲ!”

“ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಮುಚ್ಚಿಟ್ರು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ಳೋರು.”

ಗಂಡನ ಮುಖ ಕೆಂಪೇರಿತು. “ಅಂದ್ರೆ ಆರು ವರ್ಷ ನಾನು ಬೈದಿದ್ದೆಲ್ಲ ಗೋಡೆಗಾ? ಎಂಥಾ ಮೋಸಗಾತಿ!”

ನಾದಿನಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

“ಫೋನು?” ಮಗಳು ಮೊದಲ ಸಲ ಬಾಯಿಬಿಟ್ಟಳು. “ಫೋನಲ್ಲಿ ಮಾತಾಡ್ತಿದ್ರಲ್ಲ?”

“ಬರೀ ಗುಂಯ್ ಅನ್ನುತ್ತೆ ಅಂತಿದ್ರು. ನಡುನಡುವೆ ಹೂಂ ಅಂದು ಕೊನೇಲಿ ‘ಒಳ್ಳೇದಾಯ್ತು ಬಿಡು’ ಅನ್ನೋರು. ಯಾರು ಮಾಡಿದ್ರೂ ಅದೇ. ಹಾಗಂದ್ರೆ ಯಾರಿಗೂ ಬೇಜಾರಾಗಲ್ವಂತೆ.” ಗೆಳತಿ ತನ್ನ ಕೈಚೀಲದಿಂದ ಹೊಸ ಡಿಸ್ಕೊಂದನ್ನು ತೆಗೆದಳು. ಹೊದಿಕೆಯ ಮೇಲೆ ಆನೆಮರಿಯೊಂದು ಡೋಲು ಬಾರಿಸುತ್ತಿತ್ತು. “ನೀವೇ ಅಲ್ವಾ ಮಗಳು? ಮಗೂಗೆ ಈಗ ಮೂರು ತುಂಬಿರುತ್ತೆ ಅಂತ ಮೊನ್ನೆ ತಂದಿಟ್ಟಿದ್ರು. ಇದಕ್ಕೆ ಮಾತ್ರ ಸೌಂಡ್ ಚೆನ್ನಾಗಿದ್ಯಾ ಅಂತ ನನ್ನ ಕೈಲಿ ಕೇಳಿಸಿ ತಗೊಂಡ್ರು. ಎಲ್ಲಿ ಮಗು? ಕರ್ಕೊಂಡು ಬರ್ಲಿಲ್ವಾ?”

ಮಗಳು ಅಪ್ಪನ ಕಡೆ ತಿರುಗಿದಳು. “ಮಗು ವಿಷಯ ಅಮ್ಮನಿಗೆ ಹೇಳಿದ್ಯಾ?”

“ಹೇಳದೆ ಏನು? ಅವತ್ತೇ ಹೇಳ್ದೆ.”

“ಅಮ್ಮ ಏನ್ ಮಾಡ್ತಿದ್ರು?”

“ಪಾತ್ರೆ ತೊಳೀತಿದ್ದಳು.”

*

ಒಮ್ಮೆ ಊಟದ ಬಿಡುವಿನಲ್ಲಿ ಗೆಳತಿ ಕೇಳಿದ್ದಳು: “ಕಿವೀನೇ ಇಲ್ಲ, ಡಿಸ್ಕ್ ಯಾಕಕ್ಕಾ?”

ಸತ್ತವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಅವಳಿಗೆ ಇದು ಇಷ್ಟದ ವಿಷಯ.

“ಎಲ್ಲಾ ಡಿಸ್ಕೂ ಕೊಳ್ಳೋಕೆ ಲಾಯಕ್ಕಲ್ಲ ಕಣೇ. ಕ್ಯಾಮೆರಾ ಜನರ ಮೇಲೇ ಓಡಾಡ್ತಿದ್ರೆ ದಂಡ. ಹಾಡೋರ ಗಂಟಲಿನ ನರ ಕಾಣ್ಬೇಕು. ನುಡಿಸೋರ ಉಗುರು ಕಾಣ್ಬೇಕು. ಹಳೇವು ತಲೆಯೊಳಗೆ ತಾವೇ ಹಾಡ್ಕೋತವೆ. ಹೊಸವಕ್ಕೆ ನಾನೇ ರಾಗ ಕಟ್ತೀನಿ. ಒಂದೊಂದ್ಸಲ ಅವರಿಗಿಂತ ನಂದೇ ಚೆನ್ನಾಗಿರುತ್ತೆ.”

“ಯಾರಿಗೆ ಗೊತ್ತು ಚೆನ್ನಾಗಿದೆ ಅಂತ?”

ಅವಳು ಆ ಕಡೆ ತಿರುಗಿ ಡಬ್ಬಿ ಮುಚ್ಚುತ್ತಿದ್ದಳು. “ಹೂಂ,” ಅಂದಳು.

*

ವ್ಯಾನು ಬಂತು. ಹೊರುವವರು ಎತ್ತುವ ಮೊದಲು ಮಗಳು ಬಗ್ಗಿ, ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಏನೋ ಪಿಸುಗುಟ್ಟಿದಳು.

“ಜೋರಾಗಿ ಹೇಳು,” ಅಂದಳು ನಾದಿನಿ, “ಹಾಗಂದ್ರೆ ಅವಳಿಗೆ ಕೇಳ್ಸಲ್ಲ.”

ಈ ಸಲ ಇಬ್ಬರು ಮೂವರು ನಕ್ಕೇ ಬಿಟ್ಟರು. ಗಂಡನೂ.

ವ್ಯಾನಿನ ಹಿಂಬದಿಯಲ್ಲಿ, ಹೆಣದ ಪಕ್ಕದ ಬೆಂಚಿನಲ್ಲಿ ಮಗಳೊಬ್ಬಳೇ ಕೂತಳು. ವ್ಯಾನಿನಲ್ಲಿ ರೇಡಿಯೋ ಹಾಡುತ್ತಿತ್ತು. ಡ್ರೈವರ್ ನಾಚಿ ಆರಿಸಲು ಕೈ ಚಾಚಿದ.

“ಬೇಡ,” ಅಂದಳು ಅವಳು. “ಜೋರು ಮಾಡಿ. ಇನ್ನೂ ಜೋರು.”

ಯಾವುದೋ ಸೋಪಿನ ಜಾಹೀರಾತು ಬೀದಿಯನ್ನೆಲ್ಲ ತುಂಬಿತು. ಅಂಗಡಿಯವರು ಬಾಗಿಲಿಗೆ ಬಂದು ನೋಡಿದರು. ಮುಂದಿನ ಸೀಟಿನಲ್ಲಿದ್ದ ಅಪ್ಪ ಹಿಂದಕ್ಕೆ ತಿರುಗಿದ. ಕುತ್ತಿಗೆಯ ನರ ಉಬ್ಬಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಮಗಳು ಅವನನ್ನೇ ನೋಡುತ್ತ ತಲೆಯಾಡಿಸಿದಳು.