ಕದ್ದು ಹಾಕಿದ ಗೊಬ್ಬರ

ಟೊಮೇಟೊ ಗಿಡಗಳು ಎದೆಯೆತ್ತರಕ್ಕೆ ಬೆಳೆದು ನಿಂತಿದ್ದವು. ಎಲೆ ನೋಡಿದರೆ ಕಡುಹಸಿರು, ಕಾಂಡ ಹೆಬ್ಬೆರಳ ದಪ್ಪ. ಹೂವು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಇಲ್ಲ. ತೋಟದ ಯಜಮಾನಿ ಬದುವಿನ ಮೇಲೆ ಕೂತು ತಲೆಗೆ ಕೈ ಹಚ್ಚಿದಳು. ಆಸ್ಪತ್ರೆ ಕ್ಯಾಂಟೀನಿನ ಒಡತಿ ಮಾತು ಕೊಟ್ಟಿದ್ದಳು: ಕಾಯಿ ಚೆನ್ನಾಗಿ ಬಂದರೆ ವರ್ಷವಿಡೀ ತರಕಾರಿ ನಿಮ್ಮಿಂದಲೇ. ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತುವುದು ತಪ್ಪಿತು ಎಂದು ಯಜಮಾನಿ ಎಷ್ಟು ಆಸೆ ಇಟ್ಟುಕೊಂಡಿದ್ದಳೋ!

"ಎಲೇನೇ ಬುಟ್ಟಿಗೆ ತುಂಬಿ ಕಳಿಸೋಣ ಬಿಡು" ಎಂದ ಗಂಡ. ಅವಳು ದುರುಗುಟ್ಟಿ ನೋಡಿದಳು.

ಅವಳ ತಂಗಿ ತರಕಾರಿ ಬೆಳೆಗಾರರಿಗೆ ತರಬೇತಿ ಕೊಡುವವಳು. ಸುದ್ದಿ ತಿಳಿದು ಅಂದೇ ಬಂದಳು. ಗಿಡದ ಬುಡ ಕೆದಕಿ, ಮಣ್ಣು ಮೂಸಿ ನೋಡಿದಳು.

"ಭಾವ, ಯೂರಿಯಾ ಎಷ್ಟು ಹಾಕಿದ್ರಿ?"

"ಅಂಗಡಿಯವನು ಹೇಳಿದಷ್ಟೇ ಹಾಕಿದೆ." ಗಂಡ ಕೆಮ್ಮಿದ. "ಆಮೇಲೆ, ನಿಮ್ಮಕ್ಕ ಪೇಟೆಗೆ ಹೋದಾಗೆಲ್ಲ ಒಂದೊಂದು ಹಿಡಿ. ಇವಳ ಎದುರು ಹಾಕಿದರೆ ಮಣ್ಣು ಹಾಳಾಯ್ತು ಅಂತ ರಾಗ ಎಳೀತಾಳೆ."

"ನೀನು ಏನು ಹಾಕಿದೆ, ಅಕ್ಕ?"

ಯಜಮಾನಿ ನೆಲ ನೋಡಿದಳು. "ಇವರು ಮಧ್ಯಾಹ್ನ ಗೊರಕೆ ಹೊಡೆಯೋವಾಗ ಬುಡಕ್ಕೆ ಹಸಿ ಸಗಣಿ ಇಟ್ಟೆ. ಸ್ವಲ್ಪ ಕೋಳಿ ಗೊಬ್ಬರಾನೂ."

ಗಂಡ ಹೆಂಡತಿ ಪಿಳಿಪಿಳಿ ಮುಖ ನೋಡಿಕೊಂಡರು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲ, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಒಬ್ಬರು ಉಣಿಸಿದ್ದೀರಲ್ಲ, ಗಿಡ ಏನು ಮಾಡಬೇಕು? ಯೂರಿಯಾ, ಸಗಣಿ, ಕೋಳಿ ಗೊಬ್ಬರ ಎಲ್ಲದರಲ್ಲೂ ಸಾರಜನಕ ಇದೆ. ಅದು ಹೆಚ್ಚಾದರೆ ಎಲೆ ಕೊಬ್ಬುತ್ತೆ, ಹೂವು ಹಿಂದಾಗುತ್ತೆ. ಹಸಿ ಸಗಣಿಯ ಬಿಸಿಗೆ ಬೇರು ಬೇಯುತ್ತೆ, ಜೊತೆಗೆ ಹುಳದ ಕಾಟ."

"ಹಾಗಾದರೆ ಅಂಗಡಿ ಗೊಬ್ಬರವೇ ಬೇಡ" ಎಂದಳು ಅಕ್ಕ.

"ಸಗಣೀನೂ ಬೇಡ" ಎಂದ ಭಾವ.

"ಎರಡೂ ಬೇಕು. ಆದರೆ ಸಗಣಿ ಹಸಿಯಾಗಲ್ಲ, ಚೆನ್ನಾಗಿ ಕಳಿತಿರಬೇಕು. ಕೊಟ್ಟಿಗೆ ಗೊಬ್ಬರ ಮಣ್ಣನ್ನ ಮೆದು ಮಾಡುತ್ತೆ, ತೇವ ಹಿಡಿಯುತ್ತೆ. ಅಂಗಡಿ ಗೊಬ್ಬರ ಗಿಡಕ್ಕೆ ಬೇಗ ಸಿಗುತ್ತೆ. ಒಂದು ನಿಧಾನ, ಒಂದು ಅವಸರ. ನಿಮ್ಮಿಬ್ಬರ ಹಾಗೇ."

"ಸಗಣಿ ಹಾಕಿದ ಮೇಲೂ ಯೂರಿಯಾಕ್ಕೆ ದುಡ್ಡು ಸುರೀಬೇಕಾ?" ಗಂಡನಿಗೆ ಇನ್ನೂ ಅನುಮಾನ.

"ಸಗಣಿ ಗೊಬ್ಬರದಲ್ಲಿ ಇರೋವಷ್ಟು ಸಾರಜನಕವನ್ನ ಕಳೆದು, ಉಳಿದದ್ದು ಮಾತ್ರ ಹಾಕಿ. ಅದಕ್ಕೇ ಮೊದಲು ಮಣ್ಣು ಪರೀಕ್ಷೆ."

ಆ ಗಿಡಗಳಿಗೆ ಅಂದಿನಿಂದ ಯೂರಿಯಾ ನಿಂತಿತು. ಯಜಮಾನಿ ಗಟ್ಟಿ ಮನಸ್ಸು ಮಾಡಿ ಕ್ಯಾಂಟೀನಿಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಒಡತಿ ನಕ್ಕರೂ ಸಡಿಲ ಬಿಡಲಿಲ್ಲ. "ಇನ್ನೊಂದು ಬೆಳೆ ನೋಡ್ತೀನಿ. ಆಗಲೂ ಹೀಗೇ ಆದರೆ ಬೇರೆಯವರ ಹತ್ತಿರ ಹೋಗ್ತೀನಿ."

ಪಕ್ಕದ ಖಾಲಿ ಮಡಿಯ ಮಣ್ಣು ಪರೀಕ್ಷೆಗೆ ಹೋಯಿತು. ಸಸಿ ನಾಟುವುದಕ್ಕೆ ಎರಡು ಮೂರು ವಾರ ಮೊದಲೇ, ಚೆನ್ನಾಗಿ ಕಳಿತು ಪುಡಿಪುಡಿಯಾದ ಗೊಬ್ಬರವನ್ನು ಗಂಡ ಹೆಂಡತಿ ಒಟ್ಟಿಗೆ ಮಣ್ಣಿಗೆ ಬೆರೆಸಿದರು. ರಂಜಕ, ಪೊಟ್ಯಾಷ್ ಗೊಬ್ಬರ ನಾಟಿಯ ಹೊತ್ತಿಗೆ ಬಿತ್ತು. ಯೂರಿಯಾವನ್ನು ಒಮ್ಮೆಲೇ ಸುರಿಯದೆ, ಕಳೆ ತೆಗೆದು, ನೆಲ ತೇವವಿದ್ದಾಗ, ಕಾಂಡಕ್ಕೆ ತಾಗದಂತೆ ಕಂತು ಕಂತಾಗಿ ಹಾಕಿದರು. ಒಮ್ಮೆ ಗಂಡನ ಕೈ ಮತ್ತೆ ಚೀಲಕ್ಕೆ ಹೋಯಿತು. "ರೀ" ಎಂದಳು ಅವಳು. ಅಷ್ಟೇ ಸಾಕಾಯಿತು.

ಹೂವು ಬಂತು, ಕಾಯಿ ಕಚ್ಚಿತು, ಕೆಂಪಗಾಯಿತು. ಕ್ಯಾಂಟೀನಿನ ಒಡತಿ ತಾನೇ ತೋಟಕ್ಕೆ ಬಂದು ಒಂದು ಹಣ್ಣು ಕಿತ್ತು ಅಲ್ಲೇ ಕಚ್ಚಿದಳು. ಯಜಮಾನಿ ಅವಳ ಮುಖವನ್ನೇ ನೋಡುತ್ತಾ ನಿಂತಳು.

"ನಾಳೆಯಿಂದಲೇ ಕಳಿಸಿ" ಎಂದಳು ಒಡತಿ, ಬಾಯಿ ಒರೆಸಿಕೊಳ್ಳುತ್ತಾ.

ತರಕಾರಿ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಮಣ್ಣು ಪರೀಕ್ಷೆ ಮಾಡಿಸಿ. ಕಳಿತ ಗೊಬ್ಬರವನ್ನು ಮೊದಲು ಮಣ್ಣಿಗೆ ಸೇರಿಸಿ, ರಾಸಾಯನಿಕ ಗೊಬ್ಬರವನ್ನು ಹಿತಮಿತವಾಗಿ, ಹೊತ್ತು ನೋಡಿ ಕೊಡಿ. ಗೊಬ್ಬರದ ಬುಟ್ಟಿ ಎತ್ತುವ ಮೊದಲು ಮನೆಯವರ ಜೊತೆ ಒಂದು ಮಾತು ಆಡಿ.