ಮೂಲೆಗೆ ಹೋಗುವ ಚೆಂಡು

ಮತ್ತೆ ಬಲಮೂಲೆಗೇ ಹೋಗಿ ಕೂತಿದೆ ಆ ಕೆಂಪು ಚೆಂಡು, ಗೋಡೆಗೆ ಮುಖ ಒತ್ತಿಕೊಂಡು, ಮುನಿಸಿಕೊಂಡ ಮಗುವಿನ ಹಾಗೆ, ನಿನ್ನೆ ಸಂಜೆ ಬೀಗ ಹಾಕುವ ಮುಂಚೆ ತಾನೇ ಎತ್ತಿ ಕನ್ನಡಿಯ ಪಕ್ಕ ಇಟ್ಟದ್ದು ಅವಳಿಗೆ ಚೆನ್ನಾಗಿ ನೆನಪಿದೆ — ಗುಡಿಸುವವಳದೇ ಕೆಲಸ, ಇನ್ಯಾರದು, ಬಗ್ಗಲು ಸೋಮಾರಿತನ, ಕಾಲಿನಿಂದ ತಳ್ಳಿಬಿಡುತ್ತಾಳೆ, ಕೇಳಿದರೆ ನಾನು ಮುಟ್ಟೇ ಇಲ್ಲ ಅಕ್ಕ, ಅದಕ್ಕೇ ಕಾಲು ಬಂದಿರ್ಬೇಕು ಎಂದು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾಳೆ. ನಗಲಿ. ಹನ್ನೊಂದು ವರ್ಷದಿಂದ ಈ ಜಿಮ್ಮಿನಲ್ಲಿ ಹೊಸದಾಗಿ ಸೇರಿದವರ ನಿಲುವು ನೋಡಿ, ಯಾರಿಗೆ ಯಾವ ವ್ಯಾಯಾಮ, ಯಾರಿಗೆ ಯಾವುದು ಬೇಡ ಎಂದು ಚೀಟಿ ಬರೆಯುತ್ತ ಬಂದವಳಿಗೆ ಇಷ್ಟಂತೂ ಗೊತ್ತಾಗಿದೆ, ಬಾಯಿ ಮುಚ್ಚಿಟ್ಟದ್ದನ್ನು ಮೈ ಹೇಳಿಬಿಡುತ್ತದೆ, ಮಂಡಿನೋವೇ ಇಲ್ಲ ಅಂದವನು ಬೂಟು ಬಿಚ್ಚಲು ಕೂರುವಾಗ ಗೋಡೆ ಹಿಡಿಯುತ್ತಾನೆ, ಮನೆಯಲ್ಲಿ ಭಾರ ಎತ್ತಲ್ಲ ಅಂದವಳ ಅಂಗೈ ಒರಟಾಗಿರುತ್ತದೆ. ಉಪ್ಪಿನ ಡಬ್ಬಿಯನ್ನೂ ಎರಡು ಸಲ ಮೂಸಿ ನೋಡೋಳು ನೀನು, ಸಂಶಯಕ್ಕೂ ಒಂದು ಮಿತಿ ಇರ್ಲಿ ಮಗಳೇ, ಕೈಮುಗಿದು ಕೂತಾಗಲೂ ದೇವರನ್ನ ಓರೆಗಣ್ಣಲ್ಲಿ ನೋಡ್ತೀಯ — ಅಮ್ಮನ ಮಾತು, ಅಮ್ಮನಿಗೇನು, ಅಮ್ಮ ಎಲ್ಲರನ್ನೂ ನಂಬುತ್ತಾಳೆ, ಅಮ್ಮನ ಮುಂದೆ ಯಾರೂ ಹಾಳೆ ಇಟ್ಟು ಸಹಿ ಹಾಕು ಅನ್ನುವುದಿಲ್ಲ.

ಹಾಳೆ ಮೇಜಿನ ಮೇಲಿದೆ, ಮಧ್ಯಾಹ್ನದೊಳಗೆ ಬೇಕಂತೆ. ಏನಿಲ್ಲ ಮೇಡಂ, ಆ ಲೈಬ್ರರಿಯಮ್ಮ ಹಳೇ ನೋವು ಮುಚ್ಚಿಟ್ಟಿದ್ರು ಅಂತ ಒಂದು ಸಾಲು ಬರೆದು ಸಹಿ ಮಾಡ್ಬಿಡಿ, ನಮ್ಮ ತಪ್ಪಿಲ್ಲ ಅಂತ ಆಗೋಗತ್ತೆ, ಮಾಲೀಕರು ಬಾಗಿಲಲ್ಲೇ ನಿಂತು ಹೇಳಿ ಹೋದರು, ಒಳಗೆ ಬರಲಿಲ್ಲ, ಯಾಕೆ ಬರಲಿಲ್ಲ, ನಾಳೆ ಏನಾದರೂ ಆದರೆ ನಾನು ಹೇಳೇ ಇಲ್ಲ ಎನ್ನಲಿಕ್ಕೋ. ಆ ಸಾಲು ಅವಳು ಬರೆದಾಗಿದೆ, ಸಹಿ ಉಳಿದಿದೆ. ಸುಳ್ಳೇನಲ್ಲವಲ್ಲ. ಲೈಬ್ರರಿಯಮ್ಮ ಎಂದರೆ ಪುಸ್ತಕದ ಕಟ್ಟು ಹೊರುವವರು, ಇಪ್ಪತ್ತು ವರ್ಷ ಕಪಾಟಿಗೆ ಕೈ ಚಾಚಿದವರು, ಬೆನ್ನು ಎಂದೂ ನೋಯಲೇ ಇಲ್ಲ ಎಂದರೆ ನಂಬುವುದು ಹೇಗೆ — ಇಗೋ ಇಲ್ಲೇ, ನೆಲಕ್ಕೆ ಹಾಸಿದ ರಬ್ಬರಿನ ಮೇಲೆ ಬಳಿದ ಈ ಎರಡು ಹಳದಿ ಹೆಜ್ಜೆಗಳ ಮೇಲೆ, ನಿಲುವು ಅಳೆಯಲು ಗೋಡೆಗೆ ಅಂಟಿಸಿದ ಚೌಕ ಗೆರೆಗಳ ಹಾಳೆಗೆ ಮುಖ ಮಾಡಿ ನಿಂತಿದ್ದರು, ಹಿಂದಿನಿಂದ ಅವಳು ನೋಡಿದ್ದಳು, ಬಲಹೆಗಲು ಅರ್ಧ ಬೆರಳು ಕೆಳಗೆ, ಬಲಸೊಂಟವೂ ಕೆಳಗೆ, ಅನುಮಾನವೇ ಇಲ್ಲ. ಬಲಗಾಲು ಚೂರು ಗಿಡ್ಡ ಇದ್ದ ಹಾಗಿದೆ ನಿಮ್ಮದು. ಹೌದಾ, ಐವತ್ತು ವರ್ಷ ನನಗೇ ಗೊತ್ತಾಗ್ಲಿಲ್ಲ ನೋಡಿ. ಬಲಹಿಮ್ಮಡಿಯ ಕೆಳಗೆ ಬೂಟಿನೊಳಗೆ ಇಡಲು ರಬ್ಬರಿನ ಪಟ್ಟಿ ಕತ್ತರಿಸಿ ಕೊಟ್ಟಿದ್ದಳು, ಅವರು ಪುಸ್ತಕದ ನಡುವೆ ಗರಿ ಇಡುವವರ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಒಂದು ದಿನವೂ ತೆಗೆಯದೆ ಹಾಕಿಕೊಂಡರು, ಹೆಗಲ ಮೇಲೆ ಭಾರದ ಸರಳು ಹೊತ್ತು ಕೂತು ಏಳುವಾಗಲೂ ಅದೇ ಪಟ್ಟಿ, ಆರನೆಯ ಸಲ ಕೂತವರು ಏಳಲಿಲ್ಲ, ಕೂಗಲೂ ಇಲ್ಲ, ಅರ್ಧಕ್ಕೇ ನಿಂತು, ಯಾಕೋ ಆಗ್ತಿಲ್ಲ ಎಂದರು, ಮೆಲ್ಲಗೆ, ಲೈಬ್ರರಿಯಲ್ಲಿ ಮಾತಾಡುವ ದನಿಯಲ್ಲಿ. ಬೆನ್ನು ಹಿಡಿದು ಮಲಗಿ ಮೂರು ವಾರವಾಯಿತು, ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಂತೆ. ಅವರ ತಂಗಿ ಫೋನು ಮಾಡಿದ್ದಳು, ನಮ್ಮಕ್ಕ ಸುಳ್ಳು ಹೇಳೋಳಲ್ಲ ರೀ, ನೀವು ಹೇಳಿದ್ದನ್ನ ಬಿಟ್ಟು ಒಂದೂ ಹೆಚ್ಚಿಗೆ ಮಾಡಿಲ್ಲ — ತಂಗಿ ಇನ್ನೇನು ಹೇಳಿಯಾಳು.

ಒಳಗೆ ಬರ್ಲಾಮ್ಮ, ಹೊಸಬ, ವಯಸ್ಸಾದ ದರ್ಜಿ, ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿದೆ, ಅಂಗಡಿಯಿಂದ ನೇರ ಬಂದಿರಬೇಕು, ಮಾಲೀಕರು ಇವತ್ತೇ ಇವರನ್ನು ಕಳಿಸಿದ್ದೇಕೆ, ನನ್ನ ಕೆಲಸ ಹೇಗಿದೆ ಎಂದು ನೋಡಲಿಕ್ಕೋ. ಹೆಜ್ಜೆ ಗುರುತಿನ ಮೇಲೆ ನಿಲ್ಲಿ, ಕೈ ಸಡಿಲ ಬಿಡಿ, ಉಸಿರು ಬಿಡಿ. ಬಲಹೆಗಲು ಕೆಳಗೆ. ಇವರದೂ. ಈಚೆಗೆ ಎಲ್ಲರದೂ. ಬಲಗಡೆ ಇಳಿದಿದೆ ನಿಮ್ಮ ಹೆಗಲು, ಹಳೇ ಪೆಟ್ಟು ಏನಾದ್ರೂ ಇದ್ರೆ ಈಗ್ಲೇ ಹೇಳಿ, ಆಮೇಲೆ ಮುಚ್ಚಿಟ್ರಿ ಅಂತ ಆಗ್ಬಾರ್ದು. ನನ್ನ ಎಡಹೆಗಲಮ್ಮ ಇಳಿದಿರೋದು. ಬಲ. ಅಲ್ಲ ತಾಯಿ, ನಲವತ್ತು ವರ್ಷದಿಂದ ನನ್ನ ಅಂಗಿ ನಾನೇ ಹೊಲಿದುಕೊಳ್ತೀನಿ, ಎಡಗಡೆ ಒಳಗೊಂದು ಪದರ ಬಟ್ಟೆ ಇಡ್ತೀನಿ, ಇಲ್ಲಾಂದ್ರೆ ಜೋಲುತ್ತೆ, ಮುಟ್ಟಿ ನೋಡಿ ಬೇಕಾದ್ರೆ. ಮುಟ್ಟಿದಳು, ಪದರ ಇತ್ತು, ಸುಳ್ಳು ಹೇಳಲು ಬಟ್ಟೆಗೇಕೆ ಅವಳ ಮೇಲೆ ಹಗೆ. ದೇವ್ರು ಎರಡು ಹೆಗಲನ್ನ ಒಂದೇ ಅಳತೆಗೆ ಕೊಟ್ಟಿದ್ರೆ ನಮ್ಮ ಕಸುಬು ಎಷ್ಟು ಸಲೀಸಾಗ್ತಿತ್ತು, ಆದ್ರೆ ಇಲ್ಲಿ ನಿಂತ್ರೆ ನನಗೆ ಬಲಕ್ಕೆ ಜಾರಿದ ಹಾಗಾಗ್ತದಲ್ಲಮ್ಮ, ಬಚ್ಚಲಲ್ಲಿ ನಿಂತ ಹಾಗೆ, ಹೊರಗೆ ನಡೀರಿ, ಅಲ್ಲಿ ಅಳೀರಿ — ಮುದುಕನ ಚಾಲಾಕಿತನ ಎಂದುಕೊಂಡೇ ಅವಳು ಹೊರಟದ್ದು, ಸುಳ್ಳು ಅವರ ಅಳತೆಪಟ್ಟಿಯಿಂದಲೇ ಹೊರಬೀಳಲಿ ಎಂದು. ಪಡಸಾಲೆಯ ನೆಲದಿಂದ ಬಲಹೆಗಲಿಗೆ ಹಿಡಿದಳು, ಎಡಹೆಗಲಿಗೆ ಹಿಡಿದಳು, ಮತ್ತೊಮ್ಮೆ ಹಿಡಿದಳು, ಉಪ್ಪಿನ ಡಬ್ಬಿಯ ಹಾಗೆ. ಎಡ ಕೆಳಗೆ, ಅರ್ಧ ಬೆರಳು. ನಾನು ಹೇಳ್ಲಿಲ್ವಾ, ಎಂದರು ದರ್ಜಿ, ಗೆದ್ದ ದನಿಯಲ್ಲಲ್ಲ, ಗುಂಡಿ ಹಾಕಿಕೊಳ್ಳುತ್ತ.

ಬಚ್ಚಲಲ್ಲಿ ನಿಂತ ಹಾಗೆ. ಅವಳು ಕೋಣೆಗೆ ಮರಳಿದಳು, ಬಚ್ಚಲಲ್ಲ, ಬಟ್ಟೆ ಒಗೆಯುವ ಕೋಣೆ, ಆರು ತಿಂಗಳ ಹಿಂದೆ ಇಲ್ಲಿ ಜಿಮ್ಮಿನ ಟವೆಲು ಒಗೆಯುತ್ತಿದ್ದರು, ಯಂತ್ರವಿತ್ತು, ಆ ಬಲಮೂಲೆಯಲ್ಲಿ ನೀರು ಇಳಿದು ಹೋಗುವ ಕಿಂಡಿ ಇತ್ತು, ಅದರ ಮೇಲೆ ತಗಡು ಬಡಿದು, ನೆಲದುದ್ದಕ್ಕೂ ರಬ್ಬರು ಹಾಸಿ, ಇನ್ಮೇಲೆ ನಿಮ್ಮ ಕೋಣೆ ಮೇಡಂ ಎಂದಿದ್ದರು ಮಾಲೀಕರು. ಚೌಕದ ಹಾಳೆ ಅಂಟಿಸಲು ಬಂದವನ ಮೇಲೆ ಅವಳಿಗೆ ಅಂದೇ ಗುಮಾನಿ, ಮಟ್ಟ ನೋಡುವ ರಸಮಟ್ಟ ಹಿಡಿಸಿ ಎರಡು ಸಲ ಕೀಳಿಸಿ ಅಂಟಿಸಿದ್ದಳು, ಅಕ್ಕಾವ್ರೆ ಗೋಡೆ ಬೇಕಾದ್ರೆ ಸುಳ್ಳು ಹೇಳೀತು, ಈ ಹಾಳೆ ಹೇಳಲ್ಲ ಎಂದು ಅವನು ಬೆವರು ಒರೆಸಿಕೊಂಡಿದ್ದ — ಗೋಡೆಗೆ ಹಿಡಿದದ್ದು, ಕನ್ನಡಿಗೆ ಹಿಡಿದದ್ದು, ಅದೇ ರಸಮಟ್ಟವನ್ನು ಬಗ್ಗಿ ನೆಲಕ್ಕೆ ಇಡಲಿಲ್ಲ, ಕಾಲ ಕೆಳಗಿನದನ್ನು ಯಾರು ಅನುಮಾನಿಸುತ್ತಾರೆ, ಅಮ್ಮ, ನಾನೊಂದನ್ನು ನಂಬಿದ್ದೆ ನೋಡು. ನಲವತ್ತೊಂದು ಚೀಟಿ ಬರೆದಿದ್ದಾಳೆ ಈ ಕೋಣೆಯಲ್ಲಿ, ಬಲ, ಬಲ, ಬಲ, ಅದರಲ್ಲಿ ಎಷ್ಟು ಜನರ ಬೂಟಿನೊಳಗೆ ಪಟ್ಟಿ, ಈ ಹೊತ್ತಿಗೆ ಯಾರ ಹೆಗಲ ಮೇಲೆ ಸರಳು, ಎಷ್ಟನೆಯ ಸಲ ಕೂತು ಏಳುತ್ತಿದ್ದಾರೆ. ನೆಟ್ಟಗಿದ್ದ ಹೆಂಗಸಿಗೆ ಗಿಡ್ಡಕಾಲು ಎಂದದ್ದು, ಪಟ್ಟಿ ಇಟ್ಟು ಓರೆ ಮಾಡಿದ್ದು, ಐವತ್ತು ವರ್ಷ ನನಗೇ ಗೊತ್ತಾಗ್ಲಿಲ್ಲ ನೋಡಿ, ಗೊತ್ತಾಗಲು ಏನಿತ್ತು. ಫೋನು ಹೊಡೆದುಕೊಳ್ಳುತ್ತಿದೆ, ಮಾಲೀಕರದು, ಸಹಿ ಆಯ್ತಾ ಮೇಡಂ, ಆಗಿಲ್ಲ, ಯಾಕೆ, ಇನ್ನೂ ಏನು ಅನುಮಾನ — ಅವಳು ಫೋನನ್ನು ಹಾಳೆಯ ಮೇಲಿಟ್ಟು, ಮೂಲೆಗೆ ಹೋಗಿ, ಚೆಂಡನ್ನು ಎತ್ತಿ ತಂದು, ಕನ್ನಡಿಯ ಪಕ್ಕ ಮಂಡಿಯೂರಿ ಇಟ್ಟಳು, ಗುಡಿಸುವವಳು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಾಳೆ, ಇಟ್ಟ ಕೈ ತೆಗೆದಳು. ಚೆಂಡು ಒಂದು ಗಳಿಗೆ ನಿಂತಿತು, ಆಮೇಲೆ ಹೊರಟಿತು, ಅವಸರವಿಲ್ಲದೆ, ಎರಡು ಹಳದಿ ಹೆಜ್ಜೆಗಳನ್ನು ದಾಟಿ ಬಲಕ್ಕೆ, ಮೂಲೆಗೆ, ಗೋಡೆಗೆ. ಮೇಡಂ, ಕೇಳಿಸ್ತಾ ಇದೆಯಾ. ತಂದಳು, ಇಟ್ಟಳು, ಕೈ ತೆಗೆದಳು. ಕೆಂಪು ಚೆಂಡು. ಯಾರೂ ಮುಟ್ಟಲಿಲ್ಲ. ಹಳದಿ ಹೆಜ್ಜೆ, ಬಲಕ್ಕೆ, ಮೂಲೆ. ತಂದಳು, ಇಟ್ಟಳು. ಕೆಂಪು ಚೆಂಡು.