ಲಾರಿಯಲ್ಲಿ ಪಾದ್ರಿಗಳ ಜಾಗ

ಕತೆ ಕಟ್ಟುವುದರಲ್ಲಿ ನನ್ನದು ಎತ್ತಿದ ಕೈ. ಜಲಮಂಡಳಿಯಲ್ಲಿ ಮೂವತ್ತೈದು ವರ್ಷ ಸವೆಸಿದವನಿಗೆ ಅಷ್ಟೂ ಬರದಿದ್ದರೆ ಹೇಗೆ?

ತಾತ ಮುನಿರಾಮಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಸೈನ್ಯದ ಪಾದ್ರಿ ಯೇಸುಮಿತ್ರರಿಗೆ ಅಡುಗೆ ಮಾಡಿಕೊಂಡಿದ್ದ. ಜಪಾನಿನವರು ನುಗ್ಗಿ ಸೈನ್ಯ ಹಿಂದೆ ಸರಿದಾಗ ಪಾದ್ರಿಗಳು ಅಲ್ಲೇ ತೀರಿಕೊಂಡರು. ಚಾಮರಾಜಪೇಟೆಯ ಚರ್ಚಿನ ಗೋಡೆಯಲ್ಲಿ ಅವರ ನೆನಪಿನ ಕಲ್ಲಿದೆ. "ಪಾದ್ರಿಗಳು ನನ್ನನ್ನ ಲಾರಿ ಹತ್ತಿಸಿದ್ರು ಕಣೋ" ಎಂದಷ್ಟೇ ತಾತ ಹೇಳುತ್ತಿದ್ದ, ಆಮೇಲೆ ಅಳುತ್ತಿದ್ದ. ಅಳುವ ತಾತನನ್ನು ತೋರಿಸಿ ಮೆರೆಯುವುದು ಹೇಗೆ? ಗಾಯಗೊಂಡ ಪಾದ್ರಿಗಳನ್ನು ತಾತ ಎರಡು ದಿನ ಬೆನ್ನ ಮೇಲೆ ಹೊತ್ತು ನಡೆದ ಎಂದು ನಾನೇ ರೆಕ್ಕೆಪುಕ್ಕ ಕಟ್ಟಿದೆ. ಅಜ್ಜಿ ಬೈರಮ್ಮ, "ಲಾರೀಲಿ ಬಂದೋನು ಯಾರ್ನ ಹೊತ್ನಪ್ಪಾ?" ಎಂದಾಗ ಬಾಯಿ ಮುಚ್ಚಿಸಿದ್ದೆ.

ಆ ಕಲ್ಲಿನಲ್ಲಿ ತಾತನ ಹೆಸರೂ ಇರಬೇಕೆಂದು ಮೂರು ವರ್ಷ ಚರ್ಚಿಗೆ ಅರ್ಜಿ ಬರೆದೆ. ಕಳೆದ ಭಾನುವಾರ ಹೆಸರು ಕೆತ್ತಿದ ಕಲ್ಲಿನ ಪರದೆ ಸರಿಯಿತು. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನಲ್ಲಿ ಹತ್ತು ನಿಮಿಷ ಅದೇ ಕತೆ ಹೊಡೆದೆ. ಮುಂದಿನ ಬೆಂಚಿನಲ್ಲಿ ಪಾದ್ರಿಗಳ ಮಗಳು ಶೈಲಜಮ್ಮ ಕೂತಿದ್ದರು. ಎಂಬತ್ತೈದು ವರ್ಷ. ಅವರೂ ಚಪ್ಪಾಳೆ ತಟ್ಟಿದರು.

ಎಲ್ಲರೂ ಕಾಫಿಗೆ ಎದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬ್ಯಾಗಿನಿಂದ ತಂದೆಯ ಕೊನೆಯ ಕಾಗದ ತೆಗೆದು ಕೊಟ್ಟರು. "ಕೊನೆಯ ಲಾರಿಯಲ್ಲಿ ನನ್ನ ಜಾಗಕ್ಕೆ ಮುನಿರಾಮಪ್ಪನನ್ನು ಕೂರಿಸಿದ್ದೇನೆ. ಜ್ವರದಲ್ಲಿದ್ದಾನೆ. ಹುಟ್ಟಿದ ಮಗನ ಮುಖ ಇನ್ನೂ ನೋಡಿಲ್ಲ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡಿ."

ಆ ಮಗನೇ ನನ್ನ ಅಪ್ಪ. ಕಾಗದವನ್ನು ಇನ್ನೊಮ್ಮೆ ಓದಿದೆ.

"ಗೊತ್ತಿದ್ದೂ ನನ್ನ ಕತೇನ ಸುಮ್ನೆ ಕೇಳಿಸ್ಕೊಂಡ್ರಾ ಅಮ್ಮಾ?"

"ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಹೆಸರು ಇರ್ಲಿ, ಅಪ್ಪ ಉಳಿಸಿದ ಜೀವ ಅದು. ಕೆತ್ತಿಸಿ ಅಂತ ಚರ್ಚಿಗೆ ನಾನೂ ಬರೆದಿದ್ದೆ." ಕಾಗದ ವಾಪಸ್ ಇಸಕೊಂಡು ಬ್ಯಾಗಿಗೆ ಹಾಕುತ್ತಾ ಕೇಳಿದರು, "ನಿಮ್ಮ ತಂದೆ ಅವರಪ್ಪನ ಜೊತೆ ಎಷ್ಟು ವರ್ಷ ಇದ್ರು?"

"ನಲವತ್ತೊಂದು ವರ್ಷ."

"ಒಳ್ಳೇದಾಯ್ತು. ನಂಗೆ ನಮ್ಮಪ್ಪನ ದನಿ ಹೇಗಿತ್ತು ಅಂತಾನೂ ನೆನಪಿಲ್ಲ."

ದೂರಿನ ಮಾತಲ್ಲ ಅದು. ದೂರಿದ್ದರೆ ಎದುರುತ್ತರ ಕೊಟ್ಟು ಬಚಾವಾಗುತ್ತಿದ್ದೆ. ಇಷ್ಟು ವರ್ಷ ನಾನು ಅವರಪ್ಪನನ್ನು ನನ್ನ ತಾತನ ಬೆನ್ನಿನ ಹೊರೆ ಮಾಡಿಟ್ಟಿದ್ದೆ.

ಮೈಕಿನವರು ಸಾಮಾನು ಕಟ್ಟುತ್ತಿದ್ದರು. "ಒಂದ್ನಿಮಿಷ ಇರಿ" ಎಂದು ಮೈಕು ಇಸಕೊಂಡೆ.

"ನಮ್ಮ ತಾತ ಯಾರನ್ನೂ ಹೊರಲಿಲ್ಲ. ಪಾದ್ರಿಗಳೇ ತಮ್ಮ ಜಾಗ ಬಿಟ್ಟುಕೊಟ್ಟು ಅವ್ರನ್ನ ಲಾರಿ ಹತ್ತಿಸಿದ್ರು. ಹೊತ್ತ ಕತೆ ಕಟ್ಟಿದ್ದು ನಾನು. ತಾತ ಒಂದಿನಾನೂ ಹಾಗೆ ಹೇಳಿಲ್ಲ."

ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಬಾಗಿಲ ಬಳಿ ಯಾರಿಗೋ ಹೆಮ್ಮೆಯಿಂದ ಅದೇ ಕತೆ ಹೇಳುತ್ತಿದ್ದ ನನ್ನ ಮಗಳು ಬಿಂದುಶ್ರೀ, ಮಾತು ಅರ್ಧಕ್ಕೇ ನಿಲ್ಲಿಸಿ ತಲೆ ತಗ್ಗಿಸಿದಳು.